ನೂರ ಎಂಬತ್ತೇಳನೆಯ ಶಾಟ್

ನೆಂಟರಲ್ಲಿ ಕೊನೆಯವರು ಭಾನುವಾರ ಸಂಜೆ ಹೊರಟರು. ಸೋಮವಾರ ಬೆಳಗ್ಗೆ ಏಳಕ್ಕೆ ಎದ್ದು ಎರಡು ಲೋಟ ಚಹಾ ಮಾಡಿದೆ. ಎರಡನೆಯದು ಅತ್ತೆಗೆ. ಹಾಗಾಗಿ ಲೆಕ್ಕ ತಪ್ಪಲಿಲ್ಲ.

ಅಂತ್ಯಕ್ರಿಯೆಯಾಗಿ ಐದು ದಿನವಾಗಿತ್ತು. ಆ ಐದು ದಿನವೂ ಬಾಗಿಲ ಬಳಿ ಯಾರಾದರೊಬ್ಬರು ತಮ್ಮ ಚಪ್ಪಲಿ ಹುಡುಕುತ್ತಲೇ ಇದ್ದರು. ಈಗ ಅಲ್ಲಿ ಮೂರೇ ಜೊತೆ. ನನ್ನದು, ಅತ್ತೆಯದು, ಅವನದು. ಕಸದ ಗಾಡಿ ಬಂತು. ಎದುರು ಮನೆಯವರು ಮಹಡಿಯ ಮೇಲೆ ಬಟ್ಟೆ ಒಣಹಾಕಿದರು. ನೀರಿನ ಪಂಪು ಎಂದಿನ ಹೊತ್ತಿಗೆ ಶುರುವಾಗಿ ಎಂದಿನ ಹೊತ್ತಿಗೆ ನಿಂತಿತು.

ಅತ್ತೆ ಚಹಾಕ್ಕೆ ಬ್ರೆಡ್ ಅದ್ದಿಕೊಂಡು ನಿಧಾನವಾಗಿ ತಿಂದರು. ಲೋಟ ಖಾಲಿಯಾದ ಮೇಲೂ ಕೆಳಗಿಡಲಿಲ್ಲ.

"ಹಿಂದಿನ ದಿನ ಸಂಜೆ ನಾನು ಫೋನ್ ಮಾಡ್ದಾಗ ನೀವಿಬ್ರೂ ಏನ್ ಮಾಡ್ತಿದ್ರಿ?"

"ಸಿನಿಮಾ ನೋಡ್ತಿದ್ವಿ ಅತ್ತೆ."

"ಮಧ್ಯದಲ್ಲಿ ಮಾಡ್ಬಿಟ್ಟೆನಾ?"

"ಇಲ್ಲ. ಆಗಷ್ಟೇ ಮುಗಿದಿತ್ತು."

"ಮುಗಿದಿತ್ತಲ್ಲ," ಎಂದರು. "ಅಷ್ಟಾದ್ರೂ ಪೂರ್ತಿ ನೋಡ್ದ." ಆಮೇಲೆ ಲೋಟ ಕೆಳಗಿಟ್ಟರು.

ಮುಗಿದಿರಲಿಲ್ಲ. ಐವತ್ತೊಂದನೇ ನಿಮಿಷದಲ್ಲಿ ನಿಂತಿತ್ತು.

ನನ್ನ ಗಂಡ ಕಾಲೇಜಿನಲ್ಲಿ ಸಿನಿಮಾ ಓದುವುದನ್ನು ಕಲಿಸುತ್ತಿದ್ದ. ನೋಡುವುದನ್ನಲ್ಲ, ಓದುವುದನ್ನು. ಮೊದಲ ದಿನವೇ ಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆಯುತ್ತಿದ್ದನಂತೆ. ಇದು ಯಾರ ಕಥೆ? ಅವರಿಗೆ ಏನು ಬೇಕು? ಅಡ್ಡ ಬಂದದ್ದು ಏನು? ಯಾರ ಕಣ್ಣಿಂದ ನೋಡುತ್ತಿದ್ದೇವೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಸಾಕು, ಕಥಾವಸ್ತು, ಸಂಘರ್ಷ, ಆಶಯ ಎಂಬ ದೊಡ್ಡ ಮಾತುಗಳೆಲ್ಲ ತಾವಾಗಿ ಬಾಲ ಅಲ್ಲಾಡಿಸಿಕೊಂಡು ಬರುತ್ತವೆ ಎನ್ನುತ್ತಿದ್ದ.

ವರ್ಷಕ್ಕೊಂದು ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಹಾಳೆಗಳ ಮೇಲೆ ಬರೆದು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ. ಕ್ಯಾಮೆರಾ ಕಣ್ಣು ಮಿಟುಕಿಸದೆ ನೋಡುವಷ್ಟು ಹೊತ್ತು ಒಂದು ಶಾಟ್. ಚಿತ್ರ ಇನ್ನೊಂದಕ್ಕೆ ಹಾರಿದರೆ ಕಟ್. ಅವನು ರಿಮೋಟ್ ಹಿಡಿದು ಪರದೆ ನೋಡುತ್ತ "ಕಟ್" ಎಂದು ನಿಲ್ಲಿಸುವುದು, ನಾನು ಸ್ಟಾಪ್‌ವಾಚ್ ಒತ್ತಿ ಸೆಕೆಂಡು ಬರೆದುಕೊಳ್ಳುವುದು. ಸಂಖ್ಯೆ, ಅವಧಿ, ಯಾರಿದ್ದಾರೆ, ಏನಾಗುತ್ತದೆ, ಯಾರ ಕಣ್ಣಿಂದ. ಐದು ಕಾಲಂ. ಬರೆದಾದ ಮೇಲೆ ಮುಳ್ಳನ್ನು ಸೊನ್ನೆಗೆ ತಂದು "ಹೂಂ" ಎಂದರೆ ಮುಂದಿನದು. ನಾನು ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು. "ಎಂ.ಎ. ಓದಿದ ಗುಮಾಸ್ತರು ಬಿಟ್ಟಿ ಸಿಕ್ಕಿದಾರೆ," ಎಂದು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದ. ಕೆಲಸಕ್ಕೆ ಕೂತಾಗ ನಾನು ಗುಮಾಸ್ತರು, ಅವನು ಮೇಷ್ಟ್ರು.

ಬರೆಯುವವರಿಗೆ ಕೊನೆ ಗೊತ್ತಿರಬಾರದು ಎನ್ನುವುದು ಅವನ ನಿಯಮ. ಅವನು ಸಿನಿಮಾವನ್ನು ಹತ್ತು ಸಲ ನೋಡಿರುತ್ತಿದ್ದ. ನಾನು ನೋಡಿರಕೂಡದು.

"ಕೊನೆ ಗೊತ್ತಿದ್ದೋರದ್ದು ಕಾಮಾಲೆ ಕಣ್ಣು ಗುಮಾಸ್ತರೇ. ಕಂಡದ್ದಕ್ಕೆಲ್ಲ ಅರ್ಥ ಹಚ್ತಾರೆ. ಕುರ್ಚಿ ಕಂಡ್ರೆ ಸಾಕು, ಸಂಕೇತ ಅಂತಾರೆ."

"ಮತ್ತೆ ಕುರ್ಚಿ ಏನು?"

"ಕುರ್ಚಿ. ಮೊದಲು ಕುರ್ಚಿ ಅಂತ ಬರೀರಿ. ಆಮೇಲೆ ನೋಡೋಣ."

ಈ ವರ್ಷದ್ದು ಹಳೆಯ ಕಪ್ಪು ಬಿಳುಪು ಸಿನಿಮಾ, ಎಂಬತ್ತನಾಲ್ಕು ನಿಮಿಷ. ಅಕ್ಕ ತಂಗಿ ಇಬ್ಬರು ಲಾಂಡ್ರಿ ನಡೆಸುತ್ತಾರೆ. ಯಾರೋ ಗಿರಾಕಿ ಒಂದು ಕೋಟು ಒಗೆಯಲು ಕೊಟ್ಟು ಹೋದವನು ವಾಪಸು ಬಂದಿಲ್ಲ. ಕೋಟು ಗೋಡೆಯ ಕೊಕ್ಕೆಯಲ್ಲಿ ತೂಗುತ್ತಿದೆ. ಅವನು ಬಂದೇ ಬರುತ್ತಾನೆಂದು ಅಕ್ಕ ಅಂಗಡಿ ಮಾರಲು ಒಪ್ಪುವುದಿಲ್ಲ. ತಂಗಿಗೆ ಊರು ಬಿಡುವ ಆಸೆ. ದಿನಕ್ಕೆ ಹತ್ತು ನಿಮಿಷದಷ್ಟು ಸಿನಿಮಾ ಸಾಗುತ್ತಿತ್ತು.

"ಬರ್ತಾನೋ ಇಲ್ವೋ, ಅಷ್ಟು ಹೇಳಿ ಮೇಷ್ಟ್ರೇ."

"ಬಾಯಿಗೆ ಬೀಗ."

ನೂರ ಎಂಬತ್ತೇಳನೆಯ ಶಾಟಿನಲ್ಲಿ ಅಕ್ಕ ಆ ಕೋಟನ್ನು ತಾನೇ ತೊಟ್ಟು ಹೊರಗೆ ಹೋಗುತ್ತಾಳೆ. ಅವಳು ಹೋದ ಮೇಲೂ ಕ್ಯಾಮೆರಾ ಗೋಡೆಯನ್ನೇ ನೋಡುತ್ತಿರುತ್ತದೆ. ನಾನು "ಅಕ್ಕ ಹೋಗುತ್ತಾಳೆ, ಆಮೇಲೆ ಏನೂ ಇಲ್ಲ" ಎಂದು ಬರೆಯಲು ಹೊರಟಿದ್ದೆ. ಅವನು ಪಕ್ಕದಿಂದ ಬಗ್ಗಿ ನೋಡಿದ.

"ಏನೂ ಇಲ್ಲ ಅಂತ ಯಾವತ್ತೂ ಬರೀಬಾರ್ದು. ಏನಿದೆ ಅದನ್ನ ಬರೀರಿ. ಕೊಕ್ಕೆ ಇದೆಯಲ್ಲ."

ಅಷ್ಟರಲ್ಲಿ ಅತ್ತೆಯ ಫೋನು. ಅವನು ಶಾಟಿನ ನಡುವೆ ಎಂದೂ ನಿಲ್ಲಿಸಿದವನಲ್ಲ. ಆ ಸಂಜೆ ನಿಲ್ಲಿಸಿದ. ಅಮ್ಮನ ಮಾತು ಅರ್ಧ ಗಂಟೆಗೆ ಕಡಿಮೆ ಮುಗಿಯುವುದಿಲ್ಲವೆಂದು ಕಣ್ಣಲ್ಲೇ ಹೇಳಿದ. ನಾನೂ ವಾಚ್ ನಿಲ್ಲಿಸಿದೆ. ಹನ್ನೊಂದು ಸೆಕೆಂಡು. "ಉಳಿದದ್ದು ನಾಳೆ," ಎಂದ.

ಮರುದಿನ ಮಧ್ಯಾಹ್ನ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದ. ಮೂವತ್ತನಾಲ್ಕು ವರ್ಷ. ಹೃದಯ ಎಂದರು.

ಸ್ಟಾಪ್‌ವಾಚ್ ಮೇಜಿನ ಮೇಲೆ ಹನ್ನೊಂದಕ್ಕೇ ನಿಂತಿತ್ತು. ಅದು ನಮ್ಮದಲ್ಲ. ಈಜುಕೊಳದ ಟೀಚರ್‌ದು. ನಿಲ್ಲಿಸುವ ಗುಂಡಿಗೆ ಅವರು ಕೆಂಪು ಉಗುರು ಬಣ್ಣ ಬಳಿದು ಗುರುತು ಮಾಡಿದ್ದರು. ಒಂದು ವಾರಕ್ಕೆಂದು ಇವನು ಕೇಳಿ ತಂದು ಏಳು ತಿಂಗಳಾಗಿತ್ತು. ಅಂತ್ಯಕ್ರಿಯೆಯ ದಿನ ಅವರು ಬಂದಿದ್ದರು, ಕೂದಲು ಇನ್ನೂ ಒದ್ದೆ. ಮೇಜಿನ ಮೇಲಿನ ವಾಚ್ ನೋಡಿದರು. ನಾನು ಅವರನ್ನು ನೋಡುತ್ತಿರುವುದನ್ನೂ ನೋಡಿದರು. ಏನೂ ಕೇಳದೆ ಹೋದರು.

ಹತ್ತು ಗಂಟೆಗೆ ಕಾಲೇಜಿನಿಂದ ವಿಭಾಗದ ಮುಖ್ಯಸ್ಥರ ಫೋನು. ಮೆತ್ತಗಿನ ಮನುಷ್ಯ.

"ಅಮ್ಮಾ, ಈಗ ಕೇಳ್ಬಾರ್ದು. ಆದ್ರೆ ಮುಂದಿನ ಮಂಗಳವಾರ ಪರೀಕ್ಷೆ. ಪ್ರಶ್ನೆಪತ್ರಿಕೆ ಅವರು ಮೊದಲೇ ಕೊಟ್ಟಿದ್ರು. ಕೊನೇ ಭಾಗದ ಮೇಲೇ ಅರ್ಧ ಪ್ರಶ್ನೆ. ಹುಡುಗರ ಹತ್ರ ಇರೋದು ಮೊದಲರ್ಧದ ಹಾಳೆ ಮಾತ್ರ. ಅವರು ಇರೋವಾಗ... ಅಂದ್ರೆ, ನಿಮ್ಮ ಹತ್ರ ಉಳಿದದ್ದು ಇದೆಯಾ?"

"ಬರೆದಿಲ್ಲ ಸರ್."

"ಹಾಗಾದ್ರೆ ಇದ್ದಷ್ಟು ಕಳಿಸಿಬಿಡಿ. ಹೊಸಬರೊಬ್ರು ಬಂದಿದಾರೆ, ಅವರ ಕೈಲಿ ಮುಗಿಸ್ತೀನಿ."

ಹೊಸಬರೊಬ್ಬರು. ನೂರ ಎಂಬತ್ತೇಳರ ಉಳಿದ ಸೆಕೆಂಡುಗಳನ್ನು ಯಾರೋ ತಮ್ಮ ಪೆನ್ನಿನಲ್ಲಿ ಬರೆಯುತ್ತಾರೆ. ನಾನು ಮುಗಿಸಿದರೆ ನಾಳೆಗೆ ಎಂದು ಉಳಿಸಿದ್ದು ಮುಗಿದುಹೋಗುತ್ತದೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದೆಂದು ಯೋಚಿಸುವಷ್ಟು ಹೊತ್ತು ಅವರು ಫೋನ್ ಹಿಡಿದೇ ಇದ್ದರು.

"ನಾನೇ ಮುಗಿಸ್ತೀನಿ ಸರ್," ಎಂದೆ. "ಶುಕ್ರವಾರದೊಳಗೆ."

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಮೇಜಿನ ಮುಂದೆ ಕೂತೆ. ನನ್ನ ಕುರ್ಚಿಯಲ್ಲೇ. ಎಡಗೈಯಲ್ಲಿ ರಿಮೋಟ್, ಬಲಗೈಯಲ್ಲಿ ವಾಚ್. ಪರದೆಯ ಮೇಲೆ ಕೊಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದೆ. ಮುಳ್ಳು ಹನ್ನೊಂದರಿಂದ ಹೊರಟಿತು. ಕೊಕ್ಕೆ ಕಾಣುತ್ತಲೇ ಇತ್ತು. ಹತ್ತೊಂಬತ್ತಕ್ಕೆ ಚಿತ್ರ ಬೀದಿಗೆ ಹಾರಿತು.

ಹನ್ನೊಂದು ಸೆಕೆಂಡು ಅವನಿದ್ದಾಗಿನದು. ಎಂಟು ಆಮೇಲಿನದು. ಕಾಲಂನಲ್ಲಿ ಹತ್ತೊಂಬತ್ತು ಎಂದಷ್ಟೇ ಬರೆಯಬೇಕು. ಬರೆದೆ. ಏನಾಗುತ್ತದೆ ಎಂಬಲ್ಲಿ "ಅಕ್ಕ ಹೋಗುತ್ತಾಳೆ. ಕೊಕ್ಕೆ ಇದೆ" ಎಂದು ಬರೆದೆ. ಮುಳ್ಳನ್ನು ಸೊನ್ನೆಗೆ ತಂದೆ.

ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಮುಂದಿನದಕ್ಕೆ ಒತ್ತಿದೆ.

ಅವತ್ತು ಹದಿನೈದು ನಿಮಿಷದಷ್ಟು ಮುಗಿಸಿದೆ. ಇಷ್ಟು ಬೇಗ ಎಂದೂ ಆಗಿರಲಿಲ್ಲ. ಹಾಳೆಯ ಚಿತ್ರ ತೆಗೆದು ಮುಖ್ಯಸ್ಥರಿಗೆ ಕಳಿಸಿದೆ.

ಮರುದಿನ ಅವರೇ ಫೋನ್ ಮಾಡಿದರು. ಮೊದಲು ಊಟ ಮಾಡಿದಿರಾ ಎಂದು ಕೇಳಿದರು. ಆಮೇಲೆ ಅತ್ತೆ ಹೇಗಿದ್ದಾರೆ ಎಂದರು. ಆಮೇಲೆ ಕೆಮ್ಮಿದರು.

"ಹದಿನೈದು ನಿಮಿಷಕ್ಕೆ ಎಂಟೇ ಶಾಟ್ ಬರೆದಿದೀರಮ್ಮ. ನೂರ ತೊಂಬತ್ತೆರಡನೇದು ಆರು ನಿಮಿಷ ನಲವತ್ತು ಸೆಕೆಂಡು ಅಂತಿದೆ. ನಾನು ಹಾಕಿ ನೋಡ್ದೆ. ಅದರೊಳಗೆ ಇಪ್ಪತ್ತಾರು ಶಾಟ್ ಇವೆ."

ಹಾಳೆ ತೆಗೆದು ನೋಡಿದೆ. ನನ್ನದೇ ಅಕ್ಷರ, ದುಂಡಗೆ, ಅವಸರವಿಲ್ಲದೆ. ಅಕ್ಕ ಬೀದಿ ದಾಟುತ್ತಾಳೆ, ತಂಗಿ ಬಾಗಿಲಲ್ಲಿ ನಿಂತಿದ್ದಾಳೆ, ಹಬೆ, ಅಂಗಡಿಯ ಗಂಟೆ, ತಂಗಿಯ ಕೈ, ಕಿಟಕಿ. ಎಲ್ಲವನ್ನೂ ಒಂದೇ ಶಾಟಿನಂತೆ ಕಾಲಂನಿಂದ ಕಾಲಂಗೆ ಚೆಲ್ಲಿ ಬರೆದಿದ್ದೆ. ಚಿತ್ರ ಇಪ್ಪತ್ತೈದು ಸಲ ಹಾರಿತ್ತು. ನಾನು ಕಂಡಿದ್ದೆ. ಒತ್ತಿರಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

ಕಟ್ ಎಂದು ಯಾರೂ ಹೇಳಿರಲಿಲ್ಲ.

"ಅಮ್ಮಾ, ಇದ್ದೀರಾ?"

"ಇದ್ದೀನಿ ಸರ್. ಮತ್ತೆ ಮಾಡ್ತೀನಿ."

"ಹೊಸಬರಿಗೆ..."

"ಶುಕ್ರವಾರದೊಳಗೆ ಸರ್."

ಫೋನ್ ಇಟ್ಟಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ಹಾಳೆಗಳನ್ನು ನೋಡಿದರು.

"ಅದೇನು ಅಷ್ಟು ಕಷ್ಟ?"

"ಚಿತ್ರ ಬದಲಾದಾಗ ಒತ್ತಬೇಕು ಅತ್ತೆ. ಅವರು ಹೇಳೋರು, ನಾನು ಒತ್ತೋಳು." ಅತ್ತೆಯ ಮುಂದೆ ಅವನು ಯಾವಾಗಲೂ 'ಅವರು'.

"ಬದಲಾದದ್ದು ಹೇಳೋಕೆ ಕಾಲೇಜು ಓದಿರ್ಬೇಕಾ?"

"ಬೇಡ."

ಕನ್ನಡಕ ತಂದು ಅವನ ಕುರ್ಚಿಯಲ್ಲಿ ಕೂತರು. ಬೇಡ ಎನ್ನಲು ನನಗೆ ಹೊತ್ತು ಸಿಗಲಿಲ್ಲ. ನೂರ ಎಂಬತ್ತೆಂಟರಿಂದ ಶುರುಮಾಡಬೇಕಿತ್ತು, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋದೆ. ಪರದೆಯ ಮೇಲೆ ಕೊಕ್ಕೆ ಬಂತು. ಕೆಳಗೆ ಐವತ್ತೊಂದು ನಿಮಿಷ ಎಂಬ ಅಂಕಿ.

ಅತ್ತೆ ಆ ಅಂಕಿ ನೋಡಿದರು. ಸೋಮವಾರ ನಾನು ಬೇರೆ ಪೆನ್ನು ಹಿಡಿದಿದ್ದೆ, ಹಾಳೆಯ ಮೇಲೆ ಬಣ್ಣ ಎಲ್ಲಿ ಬದಲಾಗಿದೆ ಎಂದೂ ನೋಡಿದರು. ಲೆಕ್ಕದಲ್ಲಿ ಅವರು ಚುರುಕು.

"ಮುಗಿದಿತ್ತು ಅಂದಿದ್ದೆ ನೀನು."

ನಾನು ಹಾಳೆಗಳ ಅಂಚು ಸರಿಮಾಡಿದೆ.

"ಫ್ರಿಜ್ಜು ಸದ್ದು ಮಾಡ್ತಿದೆ ಅಂತ ಫೋನ್ ಮಾಡಿದ್ದೆ ಕಣೇ. ಅಷ್ಟಕ್ಕೆ. ಈಗ್ಲೂ ಮಾಡ್ತಿರತ್ತೆ, ಹಾಳಾದ್ದು."

"ನೀವು ಬಾಯಲ್ಲಿ ಆ ಸದ್ದು ಮಾಡಿ ತೋರಿಸಿದ್ರಂತೆ. ಫೋನ್ ಇಟ್ಟ ಮೇಲೆ ತುಂಬ ನಕ್ರು ಅತ್ತೆ. ನನಗೂ ಮಾಡಿ ತೋರಿಸಿದ್ರು."

"ಸರಿಯಾಗಿ ಮಾಡಿದ್ನಾ?"

"ಅಷ್ಟೇನೂ ಇಲ್ಲ."

ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಒರೆಸುತ್ತಲೇ ಇದ್ದರು. "ಹಾಕು ಮುಂದೆ," ಎಂದರು.

ಅವರು ಕಟ್ ಎನ್ನಲಿಲ್ಲ. ಆ ಮಾತು ಅವರ ನಾಲಿಗೆಗೆ ಬರಲಿಲ್ಲ. ಚಿತ್ರ ಹಾರಿದಾಗಲೆಲ್ಲ "ಬದಲಾಯ್ತು" ಎನ್ನುತ್ತಿದ್ದರು. ತರಕಾರಿ ಸೋಸುವವರಂತೆ, ಏರಿಳಿತವಿಲ್ಲದೆ. ಬದಲಾಯ್ತು. ಬದಲಾಯ್ತು. ನಾನು ನಿಲ್ಲಿಸಿ ಒತ್ತಿದೆ, ಬರೆದೆ. ನಡುನಡುವೆ ಅವರ ವ್ಯಾಖ್ಯಾನ.

"ಈ ಅಕ್ಕನಿಗೆ ಮೈಮೇಲೆ ಎಚ್ಚರ ಇಲ್ಲ. ಕಂಡೋರ ಕೋಟು ಹಾಕ್ಕೊಂಡು ಬೀದೀಲಿ ನಿಂತಿದಾಳೆ. ಬದಲಾಯ್ತು. ತಂಗೀನೇ ವಾಸಿ. ಕೆಲಸ ಮಾಡ್ತಿದಾಳೆ. ಬದಲಾಯ್ತು. ಒಬ್ರೂ ನೆಟ್ಟಗೆ ಊಟ ಮಾಡೋದು ತೋರಿಸ್ಲಿಲ್ಲ ನೋಡು."

ಬುಧವಾರ, ಗುರುವಾರ ಹಾಗೆ ಕಳೆಯಿತು. ಗುರುವಾರ ಸಂಜೆಗೆ ಇನ್ನೂರ ಎಂಬತ್ತಾರು ಶಾಟ್ ಆಗಿತ್ತು. ಮುಖ್ಯಸ್ಥರು ಈ ಸಲ ಫೋನ್ ಮಾಡಲಿಲ್ಲ. "ಸರಿ ಇದೆ" ಎಂದು ಎರಡು ಪದ ಕಳಿಸಿದರು.

ಶುಕ್ರವಾರ ಊಟದ ಮೇಲೆ ಕೊನೆಯ ಏಳು ನಿಮಿಷ. ಎರಡು "ಬದಲಾಯ್ತು" ಆದ ಮೇಲೆ ಮೂರನೆಯದು ಬರಲಿಲ್ಲ. ತಿರುಗಿ ನೋಡಿದರೆ ಅತ್ತೆಯ ಗದ್ದ ಎದೆಗೆ ತಗುಲಿತ್ತು. ಕನ್ನಡಕ ಮೂಗಿನ ತುದಿಯಲ್ಲಿ. ವಾರದಲ್ಲಿ ಅವರು ಹಗಲು ನಿದ್ದೆ ಮಾಡಿದ್ದು ಸೋಮವಾರ ಒಂದೇ ದಿನ. ಎಬ್ಬಿಸಲಿಲ್ಲ.

ಚಿತ್ರ ಹಾರಿತು. ಕಾದೆ. ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಈ ಸಲ ಒತ್ತಿದೆ. ಆಮೇಲಿನದಕ್ಕೂ ಒತ್ತಿದೆ.

ಅಕ್ಕ ಕೋಟನ್ನು ಕೊಕ್ಕೆಗೆ ಹಾಕಿ ಹಾಲು ತರಲು ಹೋಗಿದ್ದಾಳೆ. ಬಾಗಿಲ ಗಂಟೆ ಸದ್ದು ಮಾಡುತ್ತದೆ. ಒಬ್ಬ ಗಂಡಸು ಒಳಗೆ ಬಂದು ಚೀಟಿ ಕೊಡುತ್ತಾನೆ. ನಂಬರು ಸರಿಯಾಗಿದೆ. ತಂಗಿ ಕೋಟು ಇಳಿಸಿ ಮೇಜಿನ ಮೇಲಿಡುತ್ತಾಳೆ. ಅವನು ತೋಳು ಮುಟ್ಟಿ, ಒಳಗಿನ ಜೇಬು ನೋಡಿ, "ಇದು ನನ್ನದಲ್ಲ," ಎನ್ನುತ್ತಾನೆ. ಸಿಟ್ಟಿಲ್ಲ, ಬೇಸರವಿಲ್ಲ. ಚೀಟಿ ಅಲ್ಲೇ ಬಿಟ್ಟು ಹೊರಟುಹೋಗುತ್ತಾನೆ. ತಂಗಿ ಚೀಟಿ ಹರಿದು ಒಲೆಗೆ ಹಾಕಿ ಕೋಟನ್ನು ವಾಪಸು ತೂಗಿಹಾಕುತ್ತಾಳೆ. ಅಕ್ಕ ಬಂದು ಕೇಳುತ್ತಾಳೆ, ಯಾರಾದರೂ ಬಂದಿದ್ದರಾ? ಇಲ್ಲ.

ಕೊನೆಯ ಶಾಟ್, ಇನ್ನೂರ ತೊಂಬತ್ತೊಂಬತ್ತು. "ಇಬ್ಬರೂ ಇಸ್ತ್ರಿ ಮಾಡುತ್ತಿದ್ದಾರೆ. ಹಿಂದೆ ಕೋಟು ಇದೆ." ನಲವತ್ತೆರಡು ಸೆಕೆಂಡು.

"ಇದೆಂಥ ಕೊನೆ ಮೇಷ್ಟ್ರೇ," ಎನ್ನಲು ಪಕ್ಕಕ್ಕೆ ತಿರುಗಿದೆ. ಬಾಯಿ ತೆರೆದಿತ್ತು. ಅತ್ತೆಯ ಮೂಗಿನಿಂದ ಸಣ್ಣ ಗೊರಕೆ ಬರುತ್ತಿತ್ತು. ಬಾಯಿ ಮುಚ್ಚಿದೆ.

ಹಿಂದಿನ ವರ್ಷಗಳಲ್ಲಿ ಈ ಹೊತ್ತಿಗೆ ಜಗಳ ಶುರುವಾಗುತ್ತಿತ್ತು. ಕೊನೆಯ ಹಾಳೆಯ ಅಡಿಯಲ್ಲಿ ಒಂದು ಸಾಲು ಖಾಲಿ ಇರುತ್ತದೆ. ಇದು ಯಾರ ಕಥೆ? ಅಲ್ಲಿ ಗುಮಾಸ್ತರ ಉತ್ತರ ಬರೆಯಬೇಕು, ಮೇಷ್ಟ್ರು ಅದನ್ನು ಹೊಡೆದುಹಾಕಬೇಕು, ನಾನು ಎರಡು ದಿನ ಮಾತು ಬಿಡಬೇಕು. ಈ ಸಲ ಅವನ ಉತ್ತರ ಏನಿತ್ತೋ. ಅವನ ಟಿಪ್ಪಣಿ ಪುಸ್ತಕ ಕಪಾಟಿನಲ್ಲಿದೆ, ಹುಡುಕಿದರೆ ಸಿಗಬಹುದು. ಹುಡುಕಲಿಲ್ಲ. "ತಂಗಿಯದು" ಎಂದು ಬರೆದೆ. ಸಾಲು ಹಾಗೇ ಉಳಿಯಿತು. ಯಾರೂ ಹೊಡೆದುಹಾಕಲಿಲ್ಲ.

ಅತ್ತೆ ಎಚ್ಚರಾಗಿ ಗದ್ದ ಒರೆಸಿಕೊಂಡರು.

"ಮುಗೀತಾ? ಬಂದ್ನಾ ಅವನು?"

"ಬಂದಿದ್ದ."

"ತಗೊಂಡು ಹೋದ್ನಾ?"

"ಇಲ್ಲ. ಕೋಟು ಅವನದಲ್ವಂತೆ."

"ಅಯ್ಯೋ ಅವನ. ಇಷ್ಟು ದಿನ ಕಾದಿದ್ದಕ್ಕೆ." ಸ್ವಲ್ಪ ಯೋಚಿಸಿದರು. "ಅಕ್ಕನಿಗೆ ಗೊತ್ತಾಯ್ತಾ?"

"ತಂಗಿ ಹೇಳಲಿಲ್ಲ. ಯಾರೂ ಬಂದಿಲ್ಲ ಅಂದ್ಲು."

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹೂಂ. ನಿನ್ ಥರದೋಳೇ," ಎಂದು ಎದ್ದು ಚಹಾಕ್ಕೆ ನೀರಿಡಲು ಹೋದರು.

ಶನಿವಾರ ಬೆಳಗ್ಗೆ ಅವರನ್ನು ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಮುಟ್ಟಲು ನೋಡಿದರು, ಎಟುಕಲಿಲ್ಲ. ಭುಜ ತಟ್ಟಿದರು. "ಫ್ರಿಜ್ಜಿನೋನಿಗೆ ಹೇಳ್ಬೇಕು. ಆಮೇಲೆ ಫೋನ್ ಮಾಡ್ತೀನಿ. ಏನಾದ್ರೂ ನೋಡ್ತಿದ್ರೆ ಎತ್ಬೇಡ," ಎಂದರು.

ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಈಜುಕೊಳಕ್ಕೆ ಹೋದೆ. ವಾಚ್ ಕೈಚೀಲದಲ್ಲಿತ್ತು, ಕರವಸ್ತ್ರದಲ್ಲಿ ಸುತ್ತಿ. ಸೊನ್ನೆಗೆ ತಂದಿರಲಿಲ್ಲ. ತರಲು ಎರಡು ಸಲ ಕೈ ಹೋಗಿತ್ತು.

ಟೀಚರ್ ಕೊಳದ ಅಂಚಿನಲ್ಲಿ ಪ್ಯಾಂಟ್ ಮೊಣಕಾಲಿಗೆ ಮಡಚಿಕೊಂಡು ನಿಂತಿದ್ದರು. ನೀರಲ್ಲಿ ಆರೇಳು ಹುಡುಗಿಯರು ಗೋಡೆ ಹಿಡಿದು ಕಾಯುತ್ತಿದ್ದರು. ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯಿತು. ವಾಚ್ ನಮ್ಮ ಮನೆಗೆ ಬಂದ ಹೊಸದರಲ್ಲಿ ಅದರ ದಾರಕ್ಕೂ ಇದೇ ವಾಸನೆ ಇತ್ತು.

"ಟೀಚರ್, ಇದು ನಿಮ್ಮದು. ತಡ ಆಯ್ತು."

"ಏಳು ತಿಂಗಳು," ಎಂದು ತೆಗೆದುಕೊಂಡರು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನನ್ನ ಕಂಡ್ರೆ ಸಾಕು, ನಿನ್ನ ಗಂಡ ದಾರಿ ಬಿಟ್ಟು ಪೊದೆ ಹಿಂದೆ ಹೋಗೋನು. ಅಷ್ಟೆತ್ತರದ ಆಳು, ಇಷ್ಟೆತ್ತರದ ಪೊದೆ. ತಲೆ ಕಾಣ್ತಿತ್ತು."

ನನಗೆ ಗೊತ್ತಿರದ ಸಂಗತಿ. "ಪೊದೆ ಎಲ್ಲಿದೆ?" ಎಂದೆ.

"ಗೇಟಿನ ಹತ್ರ." ಅವರು ದಾರವನ್ನು ಕೊರಳಿಗೆ ಹಾಕಿಕೊಂಡರು. ಧ್ವನಿ ತಗ್ಗಿತು. "ನಾಳೆ ಸ್ಪರ್ಧೆ ಇದೆ, ಇದು ಬೇಕಿತ್ತು. ಅವತ್ತು ಕೇಳೋಕೆ ಮನಸ್ಸು ಬರ್ಲಿಲ್ಲ ಕಣಮ್ಮ. ವಾಚ್ ನಡೀತಾ ಇದೆಯಾ?"

"ಸರಿಯಾಗಿ ನಡೀತಿದೆ."

"ನೀನು?"

"ನಾನೂ."

ನೀರಿನಿಂದ ಒಬ್ಬ ಹುಡುಗಿ "ಟೀಚರ್, ಚಳಿ," ಎಂದಳು. ಅವರು ಅತ್ತ ತಿರುಗಿದರು. "ಚಳಿ ಅಂತೆ. ಕಾಲಾಡಿಸು, ಹೋಗತ್ತೆ," ಎನ್ನುತ್ತಲೇ ಹೆಬ್ಬೆರಳಿನಿಂದ ವಾಚನ್ನು ಸೊನ್ನೆಗೆ ತಂದರು. ಮುಳ್ಳು ಎಲ್ಲಿ ನಿಂತಿತ್ತೆಂದು ನೋಡಲಿಲ್ಲ.

ನಾನು ಹೊರಟೆ. ಪೊದೆ ಗೇಟಿನ ಎಡಕ್ಕಿತ್ತು. ನನ್ನ ಸೊಂಟದಷ್ಟು ಎತ್ತರ. ಯಾರೋ ಈಚೆಗೆ ಕತ್ತರಿಸಿ ಚೊಕ್ಕ ಮಾಡಿದ್ದರು. ಅದರ ಹಿಂದೆ ಒಂದು ಸಲ ನಿಂತು ಬಂದೆ.

ಹಿಂದೆ ಸೀಟಿ ಕೇಳಿಸಿತು. ನೀರು ಸಿಡಿಯಿತು. ನನ್ನ ಬಲಗೈ ಹೆಬ್ಬೆರಳು ತಾನಾಗಿ ಒತ್ತಿತು. ಕೈಯಲ್ಲಿ ಬಸ್ ಟಿಕೆಟ್ ಇತ್ತು.